ಜಿಮ್ನಿಗೆ ಸ್ಪೇಸರ್: ಬೇರಿಂಗ್‌ಗಿಂತ ಮೊದಲು ನಟ್ ನೋಡಿ

ಮಾರುತಿ ಜಿಮ್ನಿಗೆ 30 ಎಂಎಂ ವೀಲ್ ಸ್ಪೇಸರ್ (ಚಕ್ರ ಹೊರಗೆ ಸರಿಯಲಿ ಅಂತ ಹಬ್ಬಿಗೂ ರಿಮ್ಮಿಗೂ ಮಧ್ಯೆ ಹಾಕುವ ದಪ್ಪ ಬಿಲ್ಲೆ) ಹಾಕಿಸಿದರೆ ಚಕ್ರದ ಬೇರಿಂಗ್ ಹೋಗುತ್ತಾ ಅಂತ ಕೇಳಿದ್ದೀರಿ. ತಕ್ಷಣ ಹೋಗಲ್ಲ. ಆದರೆ ಚಕ್ರ ಹೊರಗೆ ಸರಿದಷ್ಟೂ ಬೇರಿಂಗ್ ಮೇಲೆ ಹೊರೆ ಜಾಸ್ತಿ. ಗುಂಡಿಗೆ ಇಳಿದಾಗ ಸ್ಟೀರಿಂಗ್ ಕೂಡ ಎಳೆದಾಡುತ್ತದೆ.

ನನಗೆ ಹೆಚ್ಚು ಭಯ ಇರುವುದು ನಟ್ ಬಗ್ಗೆ. ಸುಮ್ನೆ ಮಧ್ಯೆ ಸಿಕ್ಕಿಸುವ ಸ್ಪೇಸರ್ ಹಾಕಿದರೆ ನಟ್ಟಿಗೆ ಸಿಗುವ ಥ್ರೆಡ್ ಕಡಿಮೆಯಾಗುತ್ತದೆ. ಜಿಮ್ನಿಯ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) 12 ಎಂಎಂ ದಪ್ಪ, ಥ್ರೆಡ್ಡಿನ ಅಂತರ 1.25 ಎಂಎಂ. ನಟ್ಟಿಗೆ ಸುಮಾರು ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ ಸಿಗಬೇಕು. ಅಂದರೆ ನಟ್ ಕೈಯಲ್ಲಿ ತಿರುಗಿಸಿದಾಗ ಒಂಬತ್ತು-ಹತ್ತು ಸುತ್ತಾದರೂ ಹೋಗಬೇಕು. ನಾಲ್ಕೈದಕ್ಕೇ ನಿಂತರೆ ದಯವಿಟ್ಟು ಆ ಗಾಡಿ ಓಡಿಸಬೇಡಿ.

30 ಎಂಎಂನವು ಸಾಮಾನ್ಯವಾಗಿ ಬೋಲ್ಟ್-ಆನ್, ಅಂದರೆ ಸ್ಪೇಸರನ್ನೇ ಮೊದಲು ಹಬ್ಬಿಗೆ ನಟ್ ಹಾಕಿ ಬಿಗಿಯುವಂಥವು. ಚಕ್ರ ಕೂರಿಸಲು ಅದಕ್ಕೆ ತನ್ನದೇ ಸ್ಟಡ್ ಇರುತ್ತದೆ, ಅಷ್ಟು ವಾಸಿ. ಆದರೆ ಒಳಗಿನ ನಟ್ ಸಡಿಲವಾದರೆ ಚಕ್ರ ಬಿಚ್ಚದೆ ಕಾಣುವುದೇ ಇಲ್ಲ. ಹಾಕಿಸಿದ 100 ಕಿಲೋಮೀಟರ್ ಒಳಗೆ ಬಿಚ್ಚಿಸಿ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲೇ ಮತ್ತೆ ಬಿಗಿ ಮಾಡಿಸಿ. ಹಬ್ಬಿನ ಮೇಲೆ ಅಲ್ಲಾಡದೆ ಕೂರುವಂಥದ್ದೇ ತಗೊಳ್ಳಿ.

ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಬದಲಾಯಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆಯಲ್ವಾ, ಅಪಘಾತವಾದರೆ ಇನ್ಶೂರೆನ್ಸ್‌ನವರು ಅದನ್ನೇ ಹಿಡಿದುಕೊಳ್ಳಬಹುದು.

ಬರೀ ನೋಟಕ್ಕಾದರೆ ಬೇಡ. ಅಗಲದ ಟೈರ್ ಒಳಗೆ ಉಜ್ಜುತ್ತಿದ್ದರೆ ಸರಿಯಾದ ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎನ್ನುವ ಅಳತೆ) ಇರುವ ರಿಮ್ಮೇ ಹಾಕಿಸಿ. ಬೇರಿಂಗ್ ಮೇಲಿನ ಹೊರೆ ತಪ್ಪಲ್ಲ, ಆದರೆ ಕಣ್ಣಿಗೆ ಕಾಣದ ಇನ್ನೊಂದು ಸಾಲು ನಟ್ ಇರುವುದಿಲ್ಲ.