ಮಾತಾಡುವ ಸಿಂಹದ ಮುಖ ಏಕೆ ಸತ್ತಂತೆ ಕಾಣುತ್ತದೆ: ನಿಮ್ಮ ಪ್ರಶ್ನೆಗೆ ಉತ್ತರ

ಬ್ಲೆಂಡರ್ ಎಂಬ 3ಡಿ ಆ್ಯನಿಮೇಶನ್ ತಂತ್ರಾಂಶದಲ್ಲಿ ನೀವು ಮಾಡಿರುವ 12 ಸೆಕೆಂಡಿನ ಸಿಂಹದ ತುಣುಕನ್ನು ನಾಲ್ಕೈದು ಬಾರಿ ನೋಡಿದೆ. 1994ರ ‘ದಿ ಲಯನ್ ಕಿಂಗ್’ ಚಿತ್ರವನ್ನು 2019ರಲ್ಲಿ ನಿಜವಾದ ಪ್ರಾಣಿಗಳನ್ನೇ ಚಿತ್ರೀಕರಿಸಿದಂತೆ ಮತ್ತೆ ಮಾಡಿದರಲ್ಲ, ಅದೇ ಬಗೆಯಲ್ಲಿ ಮಾಡಲು ಹೊರಟಿದ್ದೀರಿ. ಬೆಳಕು, ಕೇಸರ, ಚರ್ಮ ಎಲ್ಲವೂ ಸರಿಯಾಗಿದ್ದರೂ ಬಾಯಿ ತೆರೆದೊಡನೆ ಸಿಂಹ ನಿರ್ಜೀವವಾಗಿ ಕಾಣುತ್ತದೆ, ಕೂದಲಿನ ಸಂಖ್ಯೆಯನ್ನು ಇನ್ನೂ ಹೆಚ್ಚಿಸಬೇಕೆ ಎಂದು ಕೇಳಿದ್ದೀರಿ. ದಯವಿಟ್ಟು ಹೆಚ್ಚಿಸಬೇಡಿ. ತೊಡಕು ಕೂದಲಿನಲ್ಲಿಲ್ಲ. ನೀವು ಮಾದರಿಯಾಗಿಟ್ಟುಕೊಂಡ ಚಿತ್ರದಲ್ಲೂ ಇದೇ ತೊಡಕಿದೆ, ಅದರ ಬಳಿ ಹಣಕ್ಕಾಗಲಿ ಯಂತ್ರಗಳಿಗಾಗಲಿ ಕೊರತೆ ಇರಲಿಲ್ಲ.

ಆ ಚಿತ್ರದ ನಿರ್ದೇಶಕ ಜಾನ್ ಫಾವ್ರೊ ಅವರೇ ಹೇಳಿರುವಂತೆ, ಅದರಲ್ಲಿ ನಿಜವಾದ ಕ್ಯಾಮೆರಾದಿಂದ ತೆಗೆದದ್ದು ಒಂದೇ ಒಂದು ಶಾಟ್, ಅಂದರೆ ಆಫ್ರಿಕದಲ್ಲಿ ಸೆರೆಹಿಡಿದ ಆರಂಭದ ಸೂರ್ಯೋದಯ. ಉಳಿದ 1490 ಶಾಟ್‌ಗಳು ಕಂಪ್ಯೂಟರಿನಲ್ಲಿ ರೆಂಡರ್ ಆದವು, ಅಂದರೆ ಕಂಪ್ಯೂಟರೇ ಲೆಕ್ಕಹಾಕಿ ಮೂಡಿಸಿದ ಚಿತ್ರಗಳು. ಹಾಗಿದ್ದರೂ ಛಾಯಾಗ್ರಾಹಕ ಕೇಲೆಬ್ ಡೆಶನೆಲ್ ಮತ್ತು ಅವರ ತಂಡದವರು ಗೇಮ್ ಎಂಜಿನ್ನಿನಲ್ಲಿ (ವಿಡಿಯೊ ಆಟಗಳನ್ನು ಕಟ್ಟುವ ತಂತ್ರಾಂಶದಲ್ಲಿ) ಕಟ್ಟಿದ ಬಯಲನ್ನು, ಅದರೊಳಗೇ ಇರುವಂತೆ ತೋರಿಸುವ ವಿಆರ್ ಕನ್ನಡಕ ಧರಿಸಿ ಸುತ್ತಿ ನೋಡಿದರು. ಲಾಸ್ ಏಂಜಲೀಸಿನ ಒಂದು ಖಾಲಿ ಸಭಾಂಗಣದಲ್ಲಿ ನಿಜವಾದ ಡಾಲಿ (ಕ್ಯಾಮೆರಾದ ಗಾಲಿಬಂಡಿ) ತಳ್ಳಿ, ಟ್ರೈಪಾಡಿನ ಹಿಡಿ ತಿರುಗಿಸಿ, ಆ ಚಲನೆಯನ್ನೇ ಕಂಪ್ಯೂಟರಿನೊಳಗಿನ ಕಾಲ್ಪನಿಕ ಕ್ಯಾಮೆರಾಕ್ಕೆ ಕೊಟ್ಟರು. ವನ್ಯಜೀವಿ ಸಾಕ್ಷ್ಯಚಿತ್ರ ತೆಗೆಯುವವರ ಕ್ಯಾಮೆರಾ ಹೇಗೆ ವರ್ತಿಸುತ್ತದೆಯೋ ಹಾಗೆಯೇ ಇದೂ ವರ್ತಿಸಬೇಕು, ಪ್ರಾಣಿಯೂ ನಿಜವಾದ ಪ್ರಾಣಿ ಮಾಡಲಾರದ್ದನ್ನು ಮಾಡಬಾರದು ಎಂಬ ಕಟ್ಟುಪಾಡನ್ನು ಅವರು ತಾವಾಗಿಯೇ ಹಾಕಿಕೊಂಡಿದ್ದರು. ಚಿತ್ರದ ಸೊಗಸೂ ಸೋಲೂ ಎರಡೂ ಹುಟ್ಟಿದ್ದು ಈ ಕಟ್ಟುಪಾಡಿನಿಂದಲೇ ಎಂಬುದು ನನ್ನ ಅಭಿಪ್ರಾಯ.

ಕೈಯಿಂದ ಬರೆದ 1994ರ ಸಿಂಹಗಳಿಗೆ ಮನುಷ್ಯರಂತೆ ಕುಣಿಸಬಲ್ಲ ಹುಬ್ಬುಗಳಿದ್ದವು, ನೋಟ ಎತ್ತ ಹೊರಳಿತೆಂದು ದೂರದಿಂದಲೇ ತಿಳಿಯುವಂತೆ ಪಾಪೆಯ ಸುತ್ತ ತಿಳಿಬಣ್ಣದ ಜಾಗವಿತ್ತು, ತುಟಿಗೆ ಕಲಾವಿದ ಬಯಸಿದ ಆಕಾರವೆಲ್ಲ ಇತ್ತು. ಅಷ್ಟೇ ಅಲ್ಲ, ಹಾಡು ಬಂದಾಗ ಬಯಲಿನ ಬಣ್ಣವೇ ಬದಲಾಗುತ್ತಿತ್ತು. ಖಳನ ಹಾಡಿನಲ್ಲಿ ಹಸಿರು ಹೊಗೆಯೆದ್ದು ಕತ್ತೆಕಿರುಬಗಳು ಸೈನ್ಯದಂತೆ ಹೆಜ್ಜೆ ಹಾಕುತ್ತಿದ್ದವು. ಹೊಸ ಚಿತ್ರದ ಕಟ್ಟುಪಾಡಿನೊಳಗೆ ಇವಾವುದಕ್ಕೂ ಜಾಗವಿರಲಿಲ್ಲ. ಖಳನ ಹಾಡು ಮೊಟಕುಗೊಂಡು ಅರ್ಧ ಮಾತೇ ಆಯಿತು. ಇರುಳಿನ ಪ್ರೇಮದ ಹಾಡು ಹಾಡುಹಗಲಿನಲ್ಲಿ ಬಂದದ್ದನ್ನು ಗೇಲಿ ಮಾಡದವರಿಲ್ಲ. ಚಿತ್ರ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ಅದು ಬೇರೆ ಮಾತು.

ಆದರೆ ಅದೇ ಚಿತ್ರದಲ್ಲಿ ಕಥಾನಾಯಕ ಸಿಂಹ ಸಿಂಬನ ಕೇಸರದ ಒಂದು ಎಳೆ ಗಾಳಿಯಲ್ಲಿ ತೇಲಿ, ಜಿರಾಫೆಯ ಹೊಟ್ಟೆ ಸೇರಿ ಹೊರಬಂದು, ಸಗಣಿ ಹುಳು ಉರುಳಿಸುವ ಉಂಡೆಯಲ್ಲಿ ಸಾಗಿ, ಕೊನೆಗೆ ಮುದಿ ಕೋತಿ ರಫೀಕಿಯ ಕೈಗೆ ತಲುಪುವ ಭಾಗವಿದೆ. ಅದನ್ನು ಮತ್ತೊಮ್ಮೆ ನೋಡಿ. ಒಂದು ಮಾತೂ ಇಲ್ಲ, ಯಾವ ಮುಖವೂ ಏನನ್ನೂ ಅಭಿನಯಿಸಬೇಕಾಗಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಜೀವಂತವಾಗಿ ಕಂಡದ್ದು ಅದೇ.

ಈಗ ನಿಮ್ಮ ತುಣುಕಿಗೆ ಬರುತ್ತೇನೆ. ಮೊದಲು ಕೂದಲನ್ನೆಲ್ಲ ಅಡಗಿಸಿ, ಬೂದು ಬಣ್ಣದ ಬರಿಯ ಆಕೃತಿಯನ್ನು ಧ್ವನಿಯಿಲ್ಲದೆ ಓಡಿಸಿ ನೋಡಿ. ಸಿಂಹ ಕೋಪಗೊಂಡಿದೆಯೋ ಅಂಜಿದೆಯೋ ಎಂಬುದು ಆಗ ತಿಳಿಯದಿದ್ದರೆ, ಎಷ್ಟು ಕೂದಲು ಹಾಕಿದರೂ ತಿಳಿಯುವುದಿಲ್ಲ. ನಿಮ್ಮ ಸಿಂಹ ಈಗ ಭಾವವನ್ನೆಲ್ಲ ಬಾಯಿಯಿಂದಲೇ ತೋರಿಸುತ್ತಿದೆ, ಆದರೆ ಬೆಕ್ಕಿನ ಕುಲದ ಪ್ರಾಣಿ ಅದನ್ನು ತೋರಿಸುವುದು ಕಿವಿ, ಕುತ್ತಿಗೆ, ಬಾಲ ಮತ್ತು ಉಸಿರಿನಿಂದ. ಕಿವಿಗಳು ಹಿಂದಕ್ಕೆ ಚಪ್ಪಟೆಯಾಗುವುದನ್ನು ಮಾತು ಆರಂಭವಾಗುವುದಕ್ಕೆ ಆರೇಳು ಫ್ರೇಮ್ (ಸುಮಾರು ಕಾಲು ಸೆಕೆಂಡು) ಮೊದಲೇ ತನ್ನಿ. ಪಕ್ಕೆಯ ಏರಿಳಿತವನ್ನು ಮಾತಿನ ನಿಲುಗಡೆಗೆ ಹೊಂದಿಸಿ. ತಲೆ ತಗ್ಗಿದಾಗ ಹೆಗಲ ಮೂಳೆ ಬೆನ್ನಿನ ಗೆರೆಗಿಂತ ಮೇಲೆದ್ದು ಕಾಣಬೇಕು. ನಿಮ್ಮ ರಿಗ್‌ನಲ್ಲಿ, ಅಂದರೆ ಆಕೃತಿಯನ್ನು ಅಲುಗಿಸುವ ಒಳಗಿನ ಮೂಳೆಗಳ ಚೌಕಟ್ಟಿನಲ್ಲಿ, ಅದು ಅಲುಗುತ್ತಲೇ ಇಲ್ಲ.

ತುಟಿಯ ವಿಷಯದಲ್ಲಿ ನೀವು ಮಾಡಿರುವುದು ಅತಿಯಾಯಿತು. ಕನ್ನಡದ ಪ, ಬ, ಮ ಅಕ್ಷರಗಳಿಗೆಲ್ಲ ತುಟಿ ಕೂಡಿಸಿದ್ದೀರಿ, ‘ಊ’ಕಾರಕ್ಕೆ ತುಟಿಯನ್ನು ಮುಂದಕ್ಕೆ ಚಾಚಿಸಿದ್ದೀರಿ. ಸಿಂಹದ ಮೂತಿಯ ಮೇಲೆ ಅದು ಮುಖವಾಡದೊಳಗಿಂದ ಮನುಷ್ಯ ಮಾತಾಡಿದಂತೆ ಕಾಣುತ್ತದೆ. ಕೆಳದವಡೆ ತೆರೆದು ಮುಚ್ಚುವ ಲಯವಷ್ಟೇ ಮಾತಿನ ಒತ್ತಿಗೆ ಸರಿಹೊಂದಲಿ, ತುಟಿ ಕೂಡುವ ಅಕ್ಷರಗಳಲ್ಲಿ ಮೂರಕ್ಕೆ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಸಾಧ್ಯವಾದರೆ ಅತ್ಯಂತ ಉದ್ದದ ವಾಕ್ಯವನ್ನು ಸಿಂಹ ಬೆನ್ನು ತಿರುಗಿಸಿದಾಗ ಆಡಿಸಿ, ಕ್ಯಾಮೆರಾ ಕೇಳುವವರ ಮುಖದ ಮೇಲಿರಲಿ. ಇದನ್ನು ಸೋಮಾರಿತನವೆಂದು ಭಾವಿಸಬೇಡಿ.

ನೋಡಿ ಕಲಿಯಲು ಮನೆಯ ಬೆಕ್ಕು ಸಾಕು, ಕಿವಿ ಬಾಲಗಳ ಮಟ್ಟಿಗೆ. ಕಣ್ಣನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ಬೆಕ್ಕಿನ ಪಾಪೆ ಬೆಳಕಿನಲ್ಲಿ ಸೀಳಿನಂತಾಗುತ್ತದೆ, ಸಿಂಹದ್ದು ದುಂಡಗೇ ಇರುತ್ತದೆ, ನಿಮ್ಮದರಲ್ಲಿ ಸೀಳಿದೆ. ಬೆಂಗಳೂರಿಗೆ ಹತ್ತಿರದಲ್ಲಿದ್ದರೆ ಬನ್ನೇರುಘಟ್ಟದ ಸಫಾರಿಗೆ ಒಮ್ಮೆ ಹೋಗಿ ಬನ್ನಿ, ಆದರೆ ಸಿಂಹ ದಿನದ ಬಹುಪಾಲು ಮಲಗಿಯೇ ಕಳೆಯುವ ಪ್ರಾಣಿಯಾದ್ದರಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ರೆಂಡರ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸೆಕೆಂಡಿಗೆ 24ರಂತೆ 12 ಸೆಕೆಂಡಿಗೆ 288 ಫ್ರೇಮ್. ಒಂದಕ್ಕೆ 15 ನಿಮಿಷ ಹಿಡಿಯುತ್ತದೆ ಎಂದು ನೀವೇ ಬರೆದಿದ್ದೀರಿ, ಅಂದರೆ 72 ಗಂಟೆ. ಮೂರು ದಿನದ ನಡುವೆ ಕರೆಂಟ್ ಹೋಗದೆ ಇರುವ ಊರು ನಿಮ್ಮದಾಗಿದ್ದರೆ ಸಂತೋಷ. ಇಲ್ಲವಾದರೆ ನೇರವಾಗಿ ವಿಡಿಯೊ ಕಡತ ಮಾಡದೆ ಪ್ರತಿ ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಿ, ನಿಂತಲ್ಲಿಂದಲೇ ಮುಂದುವರಿಸಬಹುದು. ದೊಡ್ಡ ಚಿತ್ರಗಳಲ್ಲಿ ರಿಗ್, ಸ್ನಾಯು, ಕೂದಲು, ಬೆಳಕು ಒಂದೊಂದೂ ಒಂದೊಂದು ವಿಭಾಗದ ಪಾಲು; ‘ದಿ ಲಯನ್ ಕಿಂಗ್’ನ ಕಂಪ್ಯೂಟರ್ ದೃಶ್ಯಗಳ ಹೊಣೆ ಹೊತ್ತ ಎಂಪಿಸಿ ಸಂಸ್ಥೆಯ ಬೆಂಗಳೂರಿನ ಕಲಾವಿದರೂ ಅಂಥ ಕೆಲಸದಲ್ಲಿ ಪಾಲ್ಗೊಂಡವರೇ. ನೀವು ಒಬ್ಬರೇ ಇದ್ದೀರಿ, ಆದ್ದರಿಂದ 12 ಸೆಕೆಂಡನ್ನು 5ಕ್ಕೆ ಇಳಿಸಿದರೂ ನಷ್ಟವಿಲ್ಲ.

ಇನ್ನೊಂದು ಮಾತು. ಆ ಚಿತ್ರದ ಪಾತ್ರಗಳು ಡಿಸ್ನಿ ಸಂಸ್ಥೆಯ ಸೊತ್ತು, ಅಭ್ಯಾಸಕ್ಕೆ ಮಾಡಿದ್ದನ್ನು ಮುಂದೆ ಎಲ್ಲಿಯೂ ಮಾರಲಾಗದು. ಹುಲಿಯೂ ಹಸುವೂ ಎದುರುಬದುರು ನಿಂತು ಮಾತಾಡುವ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಹಾಡಿದವರಲ್ಲವೇ? ಕೊನೆಯಲ್ಲಿ ಹುಲಿಗೆ ನಾಚಿಕೆಯಾಗುವ ಆ ಕ್ಷಣವನ್ನು ಹುಬ್ಬಿಲ್ಲದ ಮುಖದಲ್ಲಿ ತೋರಿಸುವುದು ಹೇಗೆಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೇನೆ. ಕಿವಿ ಇಳಿದು, ತಲೆ ಪಕ್ಕಕ್ಕೆ ಹೊರಳಿ, ಉಸಿರು ಒಂದು ಕ್ಷಣ ನಿಂತರೆ ಸಾಕೇನೋ.

ಬೂದು ತುಣುಕು ಸಿದ್ಧವಾದೊಡನೆ ಇಲ್ಲಿಯೇ ಹಾಕಿ. ಜೊತೆಗೆ ಎಡಗಿವಿಯ ಬುಡದಲ್ಲಿರುವ ರಿಗ್ ಮೂಳೆಗಳನ್ನು ತೋರಿಸುವ ಒಂದು ಚಿತ್ರವೂ ಇರಲಿ, ಏಕೆಂದರೆ ಕಿವಿ ಮಡಿಸಿದಾಗ ಅಲ್ಲಿ ಚರ್ಮ ತಲೆಬುರುಡೆಯೊಳಕ್ಕೆ ಹೊಕ್ಕಂತೆ ಕಾಣುತ್ತಿದೆ. ವೇಟ್ ಪೇಂಟಿನಲ್ಲಿ (ಯಾವ ಮೂಳೆ ಚರ್ಮವನ್ನು ಎಷ್ಟು ಎಳೆಯಬೇಕೆಂದು ಗುರುತಿಸುವ ಸಾಧನದಲ್ಲಿ) ಅದನ್ನು ಸರಿಪಡಿಸುವ ಬಗೆಯನ್ನು ಆಗ ಬರೆಯುತ್ತೇನೆ.