ಕಾರ್ಬನ್ ಡೈಆಕ್ಸೈಡನ್ನು ಕರೆಂಟಿನಿಂದ ಉಪಯುಕ್ತ ರಾಸಾಯನಿಕಗಳಾಗಿ ಬದಲಾಯಿಸಲು ತಾಮ್ರವೇ ಯಾಕೆ ಬೇಕು?

ಚಿನ್ನ, ಬೆಳ್ಳಿ ಇರುವಾಗ ಎಲ್ಲರೂ ತಾಮ್ರದ ಹಿಂದೆಯೇ ಯಾಕೆ ಬಿದ್ದಿದ್ದಾರೆ, ಅದು ಅಷ್ಟು ಒಳ್ಳೆಯದಾದರೆ ಕಾರ್ಖಾನೆಗಳು ಯಾಕೆ ಕಾಣಿಸುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಲ್ಯಾಬಿನಲ್ಲಿ ಇದೇ ಕೆಲಸ ಮಾಡುವವನು, ಹಾಗಾಗಿ ತಾಮ್ರದ ಕಡೆ ಸ್ವಲ್ಪ ವಾಲಿದರೆ ಕ್ಷಮಿಸಿ.

ಅಗ್ಗ ಅನ್ನೋದು ಮುಖ್ಯ ಕಾರಣ ಅಲ್ಲ. ಈ ಲೋಹಗಳ ಮೇಲೆ ಕಾರ್ಬನ್ ಡೈಆಕ್ಸೈಡ್ ಮೊದಲು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಚಿನ್ನ, ಬೆಳ್ಳಿ ಅದನ್ನು ಅಷ್ಟಕ್ಕೇ ಬಿಟ್ಟುಬಿಡುತ್ತವೆ. ಪ್ಲಾಟಿನಂ, ನಿಕ್ಕಲ್ ಬಿಗಿಯಾಗಿ ಹಿಡಿದುಕೊಂಡು ಬಿಡುವುದೇ ಇಲ್ಲ. ಕೊನೆಗೆ ಬರುವುದು ಹೆಚ್ಚಾಗಿ ನೀರಿನ ಹೈಡ್ರೋಜನ್ ಮಾತ್ರ. ತಾಮ್ರದ ಹಿಡಿತ ಇವೆರಡರ ನಡುವಿನದು. ಪಕ್ಕಪಕ್ಕದ ಎರಡು ಮಾನಾಕ್ಸೈಡ್ ಅಣುಗಳು ಕೂಡಿಕೊಂಡು ಎಥಿಲೀನ್ (ಪ್ಲಾಸ್ಟಿಕ್ಕಿನ ಕಚ್ಚಾವಸ್ತು), ಎಥನಾಲ್ ಆಗುವಷ್ಟು ಹೊತ್ತು ಅವು ಅಲ್ಲೇ ಉಳಿಯುತ್ತವೆ. ತಾಮ್ರದ ಈ ಗುಣವನ್ನು 1980ರ ದಶಕದಲ್ಲಿ ತೋರಿಸಿಕೊಟ್ಟವರು ಜಪಾನಿನ ರಸಾಯನವಿಜ್ಞಾನಿ ಯೋಶಿಯೋ ಹೋರಿ.

ತೊಂದರೆ ಶುರುವಾಗುವುದೂ ಇಲ್ಲೇ. ತಾಮ್ರಕ್ಕೆ ಒಂದೇ ವಸ್ತು ಮಾಡಿ ಗೊತ್ತಿಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡಿನವರು ಸಾದಾ ತಾಮ್ರದ ತಗಡಿನಿಂದ 16 ಬೇರೆ ಬೇರೆ ಉತ್ಪನ್ನಗಳನ್ನು ಎಣಿಸಿದರು. ಪರಮಾಣುಗಳು ಚೌಕವಾಗಿ ಜೋಡಿಸಿಕೊಂಡ ಮೇಲ್ಮೈ ಎಥಿಲೀನಿನ ಕಡೆ ಒಲಿಯುತ್ತದೆ, ತ್ರಿಕೋನವಾಗಿ ಜೋಡಿಸಿಕೊಂಡದ್ದು ಮೀಥೇನಿನ ಕಡೆ. ಸರಿ, ಚೌಕದ್ದನ್ನೇ ಮಾಡಿದರಾಯ್ತು ಅಲ್ವಾ? ಕರೆಂಟ್ ಹರಿಯುತ್ತಿದ್ದಂತೆ ಆ ಮೇಲ್ಮೈಯೇ ರೂಪ ಬದಲಿಸುತ್ತದೆ. ತಾಮ್ರಕ್ಕೆ ತಾಗಿರುವ ದ್ರಾವಣದಲ್ಲಿ ಚೂರು ಸತುವೋ ಕಬ್ಬಿಣವೋ ಇದ್ದರೂ ಸಾಕು, ಅದು ತಾಮ್ರದ ಮೇಲೆ ಕೂತು ಕೆಲಸ ಕೆಡಿಸುತ್ತದೆ.

ಆದರೆ ನನ್ನ ಪ್ರಕಾರ ಕಾರ್ಖಾನೆಗೆ ದೊಡ್ಡ ಅಡ್ಡಿ ಕಾರ್ಬೊನೇಟ್, ಅಂದರೆ ಕಾರ್ಬನ್ ಡೈಆಕ್ಸೈಡ್ ಕ್ಷಾರದ ಜೊತೆ ಸೇರಿ ಆಗುವ ಉಪ್ಪು. ಒಂದು ಎಥಿಲೀನ್ ಅಣುವಿಗೆ 12 ಎಲೆಕ್ಟ್ರಾನ್ ಬೇಕು, ಜೊತೆಗೆ 12 ಹೈಡ್ರಾಕ್ಸೈಡ್ (ಕ್ಷಾರದ ಅಯಾನು) ಹುಟ್ಟುತ್ತವೆ. ಅವು ಇನ್ನೂ 6 ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ನುಂಗಿ ಕಾರ್ಬೊನೇಟ್ ಮಾಡಿಬಿಡುತ್ತವೆ. ಅಂದರೆ ಈ ಕ್ರಿಯೆ ನಡೆಸುವ ಮಾಮೂಲಿ ಕ್ಷಾರೀಯ ಸೆಲ್‌ನಲ್ಲಿ 8 ಅಣು ಖರ್ಚಾದರೆ ಎಥಿಲೀನಿಗೆ ಹೋಗುವುದು 2. ಉಳಿದದ್ದನ್ನು ಮತ್ತೆ ಬಿಡಿಸಿಕೊಳ್ಳಲು ಬೇರೆ ಶಕ್ತಿ ಸುರಿಯಬೇಕು. ದ್ರಾವಣದಲ್ಲಿ ಪೊಟ್ಯಾಸಿಯಂ ಇದ್ದರಂತೂ ಸೆಲ್ ಬಿಚ್ಚಿದಾಗ ಕಣ್ಣಿಗೇ ಕಾಣುತ್ತದೆ: ಎಲೆಕ್ಟ್ರೋಡಿನ ಬೆನ್ನಿಗೆ ಬಿಳಿ ಉಪ್ಪು ಕಟ್ಟಿ, ಗ್ಯಾಸ್ ಹೋಗುವ ಸಂದಿಗಳೆಲ್ಲ ಮುಚ್ಚಿಹೋಗಿರುತ್ತವೆ. "90 ಪರ್ಸೆಂಟ್ ದಕ್ಷತೆ" ಎಂಬ ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ. ಆ ಲೆಕ್ಕ ಎಲೆಕ್ಟ್ರಾನಿನದು, ಅಂದರೆ ಕೊಟ್ಟ ಎಲೆಕ್ಟ್ರಾನುಗಳಲ್ಲಿ ಎಷ್ಟು ಬೇಕಾದ ಉತ್ಪನ್ನಕ್ಕೆ ಹೋದವು ಎಂಬುದು; ಗ್ಯಾಸಿನದಲ್ಲ.

ದಾರಿ ಇಲ್ಲವೇ ಅಂದರೆ, ಕಾರ್ಬೊನೇಟ್ ಉಳಿಯದಂತೆ ಕೆಲವರು ಆಮ್ಲದಲ್ಲೇ ಸೆಲ್ ನಡೆಸುತ್ತಾರೆ. ನನಗೆ ಜಾಸ್ತಿ ನಂಬಿಕೆ ಎರಡು ಹಂತದ ದಾರಿಯ ಮೇಲೆ. ಸುಮಾರು 800 ಡಿಗ್ರಿಯ ಸೆರಾಮಿಕ್ ಸೆಲ್‌ನಲ್ಲಿ ಕಾರ್ಬೊನೇಟ್ ಕಾಟ ಇಲ್ಲ. ಮೊದಲು ಅಲ್ಲಿ ಮಾನಾಕ್ಸೈಡ್ ಮಾಡಿಕೊಂಡು, ಅದನ್ನು ತಾಮ್ರಕ್ಕೆ ಕೊಟ್ಟರೆ ಮುಂದಿನ ಕೆಲಸ ಅದು ಮಾಡುತ್ತದೆ.