ಶನಿವಾರ ಇಳಿದು ಭಾನುವಾರ ಓಡುವ ಪ್ಲಾನ್ ಬಿಟ್ಟುಬಿಡಿ

ನಾಲ್ಕು ಜನ ಗೆಳೆಯರು, ಶುಕ್ರವಾರ ರಾತ್ರಿ ವಿಮಾನ, ಭಾನುವಾರ ಬೆಳಗ್ಗೆ ಹಾಫ್ ಮ್ಯಾರಥಾನ್, ಸೋಮವಾರ ವಾಪಸ್ ಕಲಬುರಗಿ. ದುಬೈ, ಬ್ಯಾಂಕಾಕ್, ಕೌಲಾಲಂಪುರ ಇವುಗಳಲ್ಲಿ ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ಓದಿ ನಗು ಬಂತು. ನಮ್ಮದೂ ಕಲಬುರಗಿಯೇ, ಇದೇ ಲೆಕ್ಕ ನಾವೂ ಹಾಕಿದ್ದೆವು. ಯಾವ ಊರು ಅನ್ನೋದು ಆಮೇಲಿನ ಮಾತು. ನಿಮ್ಮ ಪ್ಲಾನ್ ಕೆಡೋದು ಶುಕ್ರವಾರ ರಾತ್ರಿಯಲ್ಲೇ.

ನಾವು ಹೋಗಿದ್ದು ಕೌಲಾಲಂಪುರಕ್ಕೆ. ವೀಸಾ ರಗಳೆ ಇಲ್ಲ ಅನ್ನೋದೇ ದೊಡ್ಡ ಕಾರಣ. 2023ರ ಡಿಸೆಂಬರ್‌ನಿಂದ ಮಲೇಷ್ಯಾ ನಮ್ಮ ದೇಶದವರಿಗೆ 30 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಗುಂಪಿನಲ್ಲಿ ಒಬ್ಬ ಬ್ಯಾಂಕಿನವ, ಒಬ್ಬನದು ದಾಲ್ ಮಿಲ್, ಒಬ್ಬ ಕಾಲೇಜು ಮೇಷ್ಟ್ರು, ಮತ್ತೆ ನಾನು. ಓಡುವವರು ನಾನು ಮತ್ತು ಬ್ಯಾಂಕಿನವ ಇಬ್ಬರೇ. ಉಳಿದವರು ಊರು ನೋಡೋಕೆ ಬಂದವರು. ಮನೆಯಲ್ಲಿ ಹೇಳಿದಾಗ ನಮ್ಮ ಕಾಕಾ, "ಓಡ್ಲಕ ರೊಕ್ಕ ಕೊಟ್ಟು ಮಲೇಷ್ಯಾಕ್ಕ ಹೊಂಟೀರೇನು? ಇಲ್ಲಿ ರಿಂಗ್ ರೋಡ್ ಇಲ್ಲೇನು?" ಅಂದರು. ಎಲ್ಲರೂ ನಕ್ಕೆವು.

ಬ್ಯಾಂಕಿನವನಿಗೆ ಶುಕ್ರವಾರ ರಜೆ ಸಿಗಲಿಲ್ಲ, ಅರ್ಧ ದಿನ ಮಾತ್ರ ಬಿಟ್ಟರು. ಅದಕ್ಕೇ ಶುಕ್ರವಾರ ರಾತ್ರಿಯ ವಿಮಾನ ಹಿಡಿಯೋಣ, ಅರ್ಧ ರಜೆ ಉಳಿಯುತ್ತೆ, ಒಂದು ರಾತ್ರಿಯ ಹೋಟೆಲ್ ದುಡ್ಡೂ ಉಳಿಯುತ್ತೆ ಅಂತ ನಾನೇ ಹೇಳಿದೆ. ನಾನೇ ಟಿಕೆಟ್ ತೆಗೆದೆ. ತಪ್ಪು ಇಲ್ಲೇ ಆಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ವೀಕೆಂಡ್ ಟ್ರಿಪ್ ಅನ್ನೋದು ಹೈದರಾಬಾದ್, ಬೆಂಗಳೂರಿನವರ ಮಾತು. ಅವರು ಆಫೀಸ್ ಮುಗಿಸಿ ಕ್ಯಾಬ್ ಹತ್ತಿದರೆ ಆಯಿತು. ನಮಗೆ ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಶಾಬಾದ್ ಮುಟ್ಟೋದೇ ಒಂದು ಪ್ರಯಾಣ. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದ್ ರಿಂಗ್ ರೋಡ್ ಹಿಡಿದು ಹೋಗೋ ಹೊತ್ತಿಗೆ ಚಹಾ, ಟ್ರಾಫಿಕ್ ಎಲ್ಲಾ ಸೇರಿ ಐದು ತಾಸು. ಹೊರದೇಶದ ವಿಮಾನ ಅಂದರೆ ಮೂರು ತಾಸು ಮುಂಚೆ ಅಲ್ಲಿರಬೇಕು. ಮಧ್ಯರಾತ್ರಿಯ ವಿಮಾನಕ್ಕೆ ಮಧ್ಯಾಹ್ನ ಊಟ ಮಾಡಿದ ಕೈ ಒರೆಸಿಕೊಂಡೇ ಹೊರಡಬೇಕು. ಹೊರಟೆವು. ವಿಮಾನದಲ್ಲಿ ನಾಲ್ಕು ತಾಸಿನ ಹಾದಿ. ಅದರಲ್ಲಿ ಊಟ ಕೊಡೋದು, ದೀಪ ಹಾಕೋದು, ಪಕ್ಕದವರು ಎದ್ದು ಓಡಾಡೋದು. ಕಣ್ಣು ಮುಚ್ಚಿದ್ದೆ ಅಷ್ಟೇ, ನಿದ್ದೆ ಅನ್ನೋಕಾಗಲ್ಲ.

ಮಲೇಷ್ಯಾ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಇಳಿದಾಗ ಅಲ್ಲಿ ಬೆಳಗ್ಗೆ ಏಳು, ನಮ್ಮ ಮೈಗೆ ಇನ್ನೂ ನಾಲ್ಕೂವರೆ. ವಿಮಾನ ನಿಲ್ದಾಣ ಊರಿಂದ 50 ಕಿಲೋಮೀಟರಿಗಿಂತ ದೂರ. ಎಕ್ಸ್‌ಪ್ರೆಸ್ ರೈಲು ಅರ್ಧ ತಾಸಿನಲ್ಲಿ ಊರೊಳಗಿನ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ಗೆ ತಂದುಬಿಡುತ್ತದೆ, ಅದೇನೋ ಬಹಳ ಚೆಂದ. ಆದರೆ ಹೋಟೆಲ್‌ನವರು ರೂಮ್ ಕೊಡೋದು ಮಧ್ಯಾಹ್ನ ಮೂರಕ್ಕೆ! ಬ್ಯಾಗ್ ಇಟ್ಟುಕೊಂಡರು, ರೂಮ್ ಕೊಡಲಿಲ್ಲ. ಹೋಟೆಲ್ ದುಡ್ಡು ಉಳಿಸಿದ್ದರ ಫಲ ಇದು. ರಾತ್ರಿಯೆಲ್ಲಾ ನಿದ್ದೆಯಿಲ್ಲ, ಬೆಳಗ್ಗೆ ಮಲಗೋಕೆ ಜಾಗವೂ ಇಲ್ಲ.

ಮೊದಲು ಓಟದ ಕಿಟ್ ತರಲು ಹೋದೆವು. ಬಿಬ್ ಅಂದರೆ ಅಂಗಿಗೆ ಪಿನ್ ಹಾಕುವ ನಂಬರ್ ಚೀಟಿ, ಓಟದ ಸಮಯ ಅಳೆಯುವ ಟೈಮಿಂಗ್ ಚಿಪ್, ಟೀ ಶರ್ಟು. ಓಟದ ದಿನ ಬೆಳಗ್ಗೆ ಇದನ್ನು ಕೊಡುವುದಿಲ್ಲ, ಮುಂಚೆಯೇ ತಗೋಬೇಕು. ವಿಮಾನ ಕೆಲವು ತಾಸು ತಡವಾಗಿದ್ದರೆ ಕಿಟ್ಟೂ ಇಲ್ಲ, ಓಟವೂ ಇಲ್ಲ. ನಮ್ಮ ಪುಣ್ಯ, ಸಿಕ್ಕಿತು. ಕ್ಯೂನಲ್ಲಿ ನಿಂತು ಕಾಲಿಗೆ ಮೊದಲ ಸಲ ನೋವಾಗಿದ್ದು ಅಲ್ಲೇ.

ಆಮೇಲೆ ಮಿಲ್ ಗೆಳೆಯ ಮುರುಗನ ಗುಡಿ ಇರುವ ಬಟು ಗುಹೆ ನೋಡಲೇಬೇಕು ಅಂದ. ಕೆಎಲ್ ಸೆಂಟ್ರಲ್‌ನಿಂದ ನೇರ ಲೋಕಲ್ ರೈಲು ಇದೆ. ಬಂಗಾರ ಬಣ್ಣದ ಮುರುಗನ ವಿಗ್ರಹ 42.7 ಮೀಟರ್ ಎತ್ತರ. ಮ್ಯಾರಥಾನ್ 42 ಕಿಲೋಮೀಟರ್, ಮುರುಗ 42 ಮೀಟರ್, ಶುಭ ಶಕುನ ಅಂತ ಮೇಷ್ಟ್ರು ಲೆಕ್ಕ ಹಾಕಿದ. ಗುಹೆಗೆ 272 ಮೆಟ್ಟಿಲು. ನಾಳೆ ಓಟ ಇದೆ ನಾನು ಕೆಳಗೇ ಇರ್ತೀನಿ ಅಂದಿದ್ದರೆ ಯಾರೂ ಬೈತಿರಲಿಲ್ಲ. ಆದರೆ ಗೆಳೆಯರೆಲ್ಲ ಹತ್ತುವಾಗ ಒಬ್ಬನೇ ಕೆಳಗೆ ಕೂರೋದು ಹೇಗೆ? ಹತ್ತಿದೆ. ಇಳಿಯುವಾಗ ತೊಡೆ ನಡುಗುತ್ತಿತ್ತು.

ಸಂಜೆ ರೂಮಿನಲ್ಲಿ ಮನೆಯಿಂದ ತಂದಿದ್ದ ಜೋಳದ ಕಟಕ ರೊಟ್ಟಿ ಬಿಚ್ಚಿದೆವು. ನಮ್ಮೂರಲ್ಲಿ ವಾರಗಟ್ಟಲೆ ಪಟಪಟ ಮುರಿಯುವ ರೊಟ್ಟಿ. ಶೇಂಗಾ ಹಿಂಡಿ ಹಚ್ಚಿ ಒಂದೆರಡು ತಿಂದು, ಉಳಿದದ್ದು ಬೆಳಗ್ಗೆ ಓಟಕ್ಕೆ ಮುಂಚೆ ಆಗುತ್ತೆ ಅಂತ ಟೇಬಲ್ ಮೇಲೆ ತೆರೆದೇ ಬಿಟ್ಟೆ. ಜಾವದಲ್ಲಿ ಎದ್ದು ನೋಡಿದರೆ ಬಟ್ಟೆಯ ಹಾಗೆ ಬಾಗುತ್ತಿತ್ತು. ಮುರಿಯಲೇ ಇಲ್ಲ. ಅಲ್ಲಿನ ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಆ ರೊಟ್ಟಿಗೆ ನನಗಿಂತ ಮೊದಲು ಗೊತ್ತಾಗಿತ್ತು.

ನಿದ್ದೆಯ ಲೆಕ್ಕ ಕೇಳಿ. ಓಟ ಬೆಳಗಿನ ಐದರ ಸುಮಾರಿಗೆ. ಅಲ್ಲಿ ಸೂರ್ಯ ಹುಟ್ಟೋದೇ ಏಳರ ಹೊತ್ತಿಗೆ, ಸೆಕೆ ಏರುವ ಮುಂಚೆ ಮುಗಿಸಲಿ ಅಂತ ಕತ್ತಲಲ್ಲೇ ಬಿಡುತ್ತಾರೆ. ಮೂರಕ್ಕೆ ಏಳಬೇಕು, ಅಂದರೆ ನಮ್ಮ ಮೈಗೆ ಮಧ್ಯರಾತ್ರಿ ಹನ್ನೆರಡೂವರೆ. ಅದಕ್ಕಾಗಿ ರಾತ್ರಿ ಹತ್ತಕ್ಕೇ ಮಲಗಿದೆವು. ಆಗ ಕಲಬುರಗಿಯಲ್ಲಿ ಏಳೂವರೆ, ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಾಲಿಡಲು ಜಾಗ ಇರದ ಹೊತ್ತು. ಆ ಹೊತ್ತಿಗೆ ಯಾರಿಗೆ ನಿದ್ದೆ ಬರುತ್ತೆ? ಹೊರಳಾಡಿದ್ದೇ ಬಂತು. ಶುಕ್ರವಾರ ರಾತ್ರಿ ಸರಿಯಾಗಿ ಮಲಗಿದ್ದರೆ ಶನಿವಾರದ ನಿದ್ದೆಗೇಡು ಹೇಗೋ ತಡೆಯುತ್ತಿತ್ತು. ಓಟದ ಹಿಂದಿನ ರಾತ್ರಿ ಎಲ್ಲರಿಗೂ ನಿದ್ದೆ ಕಡಿಮೆಯೇ. ಅದರ ಹಿಂದಿನ ರಾತ್ರಿ ಕೈಕೊಟ್ಟರೆ ಮುಗಿಯಿತು. ನಾನು ಆ ರಾತ್ರಿಯನ್ನೇ ರಜೆ ಉಳಿಸೋಕೆ ಮಾರಿಕೊಂಡಿದ್ದೆ.

ಓಟ ಶುರುವಾಗಿದ್ದು ಮರ್ಡೇಕಾ ಚೌಕದಲ್ಲಿ. 1957ರ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ ಬಂದಾಗ ಬ್ರಿಟಿಷರ ಬಾವುಟ ಇಳಿಸಿ ತಮ್ಮದು ಏರಿಸಿದ ಜಾಗ. ಎದುರಿಗೆ ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡ ದೀಪದಲ್ಲಿ ಹೊಳೆಯುತ್ತಿತ್ತು. ಸಾವಿರಾರು ಜನ, ಮೈಕ್, ಹಾಡು. ಆ ಹುರುಪಿನಲ್ಲಿ ನಿದ್ದೆ ಹಾರಿಹೋಯಿತು, ನಮ್ಮೂರ ಯೂನಿವರ್ಸಿಟಿಯ ಜ್ಞಾನಗಂಗಾ ಕ್ಯಾಂಪಸ್‌ನಲ್ಲಿ ಓಡುವ ವೇಗದಲ್ಲೇ ಹೊರಟೆ.

ನಮಗೊಂದು ಗರ್ವ ಇರುತ್ತಲ್ವಾ, ಕಲಬುರಗಿಯ ಮೇ ತಿಂಗಳ 43 ಡಿಗ್ರಿ ಕಂಡವರಿಗೆ ಅಲ್ಲಿನ 26, 27 ಯಾವ ಲೆಕ್ಕ ಅಂತ. ನಮ್ಮದು ಒಣ ಬಿಸಿಲು. ಬೆವರು ಬಂದ ಹಾಗೇ ಆರುತ್ತೆ, ಅಂಗಿ ಮೇಲೆ ಬಿಳಿ ಉಪ್ಪು ಉಳಿಯುತ್ತೆ, ಮೈ ತಣ್ಣಗಾಗುತ್ತೆ. ಅಲ್ಲಿ ಬೆವರು ಆರೋದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯೋದಿಲ್ಲ, ಎದೆಬಡಿತ ಸುಮ್ನೆ ಏರುತ್ತಾ ಹೋಗುತ್ತೆ. ಇಂಥ ಹವೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ವೀಕೆಂಡ್‌ನಲ್ಲಿ ಆಗೋ ಕೆಲಸವಲ್ಲ. ಮೊದಲ ಕೆಲವು ಕಿಲೋಮೀಟರಿನಲ್ಲೇ ಬೆವರು ಕಾಲಿನಿಂದ ಇಳಿದು ಶೂ ತುಂಬಿತ್ತು. ಹೆಜ್ಜೆ ಇಟ್ಟರೆ ಪಚಕ್ ಪಚಕ್. ಬಿಬ್ ಒದ್ದೆಯಾಗಿ ಒಂದು ಪಿನ್ ಕಿತ್ತುಬಂತು, ಉಳಿದ ಓಟವೆಲ್ಲಾ ಅದು ಹೊಟ್ಟೆ ಮೇಲೆ ಜೋತಾಡುತ್ತಿತ್ತು. ಮೇಲೆ ಫ್ಲೈಓವರ್ ಏರು ಬೇರೆ. ನಮ್ಮದು ಚಪ್ಪಟೆ ಊರು, ಏರು ಓಡಿ ಗೊತ್ತೇ ಇರಲಿಲ್ಲ.

ಅರ್ಧ ದಾರಿ ದಾಟಿದ ಮೇಲೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಡಿವೈಡರ್ ಹಿಡಿದು ನಿಂತೆ. ವಯಸ್ಸಾದ ಚೀನೀ ಹೆಂಗಸೊಬ್ಬರು ನಿಂತು ಕಾಲು ಚಾಚಲು ಕೈಸನ್ನೆಯಲ್ಲೇ ಹೇಳಿಕೊಟ್ಟು, ನನ್ನನ್ನು ಬಿಟ್ಟು ಮುಂದೆ ಓಡಿದರು. ಉಳಿದದ್ದು ನಡಿಗೆಯೇ. ಅಲ್ಲಿನ ಹೆಸರಾದ ಜೋಡಿ ಗೋಪುರ ಪೆಟ್ರೋನಾಸ್ ಟವರ್ ನಾನು ನೋಡಿದ್ದು ಆ ನಡಿಗೆಯಲ್ಲಿ, ದೂರದಿಂದ. ಗೆಳೆಯರು ಮಧ್ಯಾಹ್ನ ಅಲ್ಲಿಗೆ ಹೋದಾಗ ನಾನು ಹೆಚ್ಚಿನ ದುಡ್ಡು ಕೊಟ್ಟು ರೂಮ್ ಉಳಿಸಿಕೊಂಡು ಮಲಗಿದ್ದೆ. ಪದಕ ಸಿಕ್ಕಿತು, ಹೌದು. ಊರು ನೋಡಲಿಲ್ಲ, ಓಟವೂ ಓಟದ ಹಾಗೆ ಆಗಲಿಲ್ಲ.

ಸೋಮವಾರ ಬೆಳಗ್ಗೆ ಶಂಶಾಬಾದ್‌ನಲ್ಲಿ ಇಳಿದು ಕಾರು ತೆಗೆದೆವು. ಇದನ್ನಂತೂ ಮಾಡಲೇಬೇಡಿ. ನಿದ್ದೆಗೆಟ್ಟವರೇ ಓಡಿಸುತ್ತಿದ್ದೆವು. ಜಹೀರಾಬಾದ್ ಹತ್ತಿರ ಧಾಬಾ ಮುಂದೆ ನಿಲ್ಲಿಸಿ ಎಲ್ಲರೂ ಕಾರಲ್ಲೇ ಮಲಗಿಬಿಟ್ಟೆವು. ಬ್ಯಾಂಕಿನವ ಸೋಮವಾರವೂ ರಜೆ ಹಾಕಬೇಕಾಯಿತು. ಶುಕ್ರವಾರ ಉಳಿಸಿದ್ದ ಅರ್ಧ ರಜೆಗೆ ಸೋಮವಾರ ಪೂರ್ತಿ ರಜೆ ಹೋಯಿತು!

ಈಗ ನಿಮ್ಮ ಪ್ರಶ್ನೆಗೆ. ಗುರುವಾರ ರಾತ್ರಿ ಹೊರಡಿ, ಶುಕ್ರವಾರ ರಾತ್ರಿ ಅಲ್ಲಿನ ಹಾಸಿಗೆಯಲ್ಲಿ ಮಲಗಿ. ಶನಿವಾರ ಕಾಲಿಗೆ ಕೆಲಸ ಕೊಡಬೇಡಿ, ಸುತ್ತಾಟವೆಲ್ಲಾ ಓಟದ ನಂತರ. ಆ ಒಂದು ರಜೆ ಸಿಗದಿದ್ದರೆ ಓಟದ ಮಾತೇ ಬೇಡ, ಸುಮ್ನೆ ಊರು ನೋಡಿ ಬನ್ನಿ. ಓಡಲೇಬೇಕು ಅಂದರೆ ಆಗಸ್ಟ್‌ನಲ್ಲಿ ಹೈದರಾಬಾದ್ ಮ್ಯಾರಥಾನ್ ಇದೆ. ನೆಕ್ಲೇಸ್ ರೋಡ್‌ನಿಂದ ಹೊರಡುತ್ತೆ, ಫ್ಲೈಓವರ್ ಏರು ಬೇಕಾದಷ್ಟಿದೆ, ರೈಲಿನಲ್ಲಿ ಹೋಗಿ ಬರಬಹುದು.

ಮೂರರಲ್ಲಿ ಒಂದು ಆರಿಸು ಅಂದರೆ ನಾನು ದುಬೈ ಅನ್ನುತ್ತೇನೆ, ವೀಸಾ ಮಾಡಿಸಬೇಕಾದರೂ ಸರಿ. ಮ್ಯಾರಥಾನ್ ಚಳಿಗಾಲದಲ್ಲಿ, ದಾರಿ ಚಪ್ಪಟೆ. ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ, ಅಲ್ಲಿ ಬೆಳಗ್ಗೆ ಆರು ಅಂದರೆ ನಮ್ಮ ಮೈಗೆ ಏಳೂವರೆ. ಒಂದು ತಕರಾರು: ಹಾಫ್ ಇರೋದಿಲ್ಲ, ಪೂರ್ತಿ ಮ್ಯಾರಥಾನ್ ಬಿಟ್ಟರೆ 10 ಕಿಲೋಮೀಟರ್. ನಿಮಗೆ 10 ಸಾಕು. ಬ್ಯಾಂಕಾಕ್ ಒಂದೂವರೆ ತಾಸು ಮುಂದೆ, ಸೆಕೆಯಲ್ಲಿ ಕೌಲಾಲಂಪುರಕ್ಕೇನೂ ಕಡಿಮೆಯಿಲ್ಲ.

ಮಲೇಷ್ಯಾಕ್ಕೇ ಹೋಗ್ತೀವಿ ಅಂದರೆ ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಿ. ಸರ್ಕಾರದ ಸೈಟಿನಲ್ಲಿ ಅದು ಪುಕ್ಕಟೆ, ದುಡ್ಡು ಕೇಳುವ ಸೈಟು ಬೇರೆ ಯಾರದೋ. ಓಟದ ಶೂ ಕೈಚೀಲದಲ್ಲೇ ಇರಲಿ. ಮತ್ತೆ ನಿಮ್ಮ ಗುಂಪಿನಲ್ಲಿ ಬ್ಯಾಂಕಿನವರು ಯಾರಾದರೂ ಇದ್ದರೆ ಅವರ ರಜೆ ಮೊದಲು ಮಂಜೂರಾಗಲಿ, ಟಿಕೆಟ್ ಆಮೇಲೆ ತೆಗೆಯಿರಿ.